ಕಲಾವಿದನ ದಾರಿಖರ್ಚು ಯಾರ ಕೈಯಿಂದ?

(ಕಾರ್ಯಕರ್ತರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)



ಕಲಾವಿದರು ಹೊರದೇಶಗಳಿಗೆ ಹೋಗಿಬರಲು, ಅಲ್ಲಿಯವರೊಡನೆ ಕೂಡಿ ಕೆಲಸ ಮಾಡಲು ಸಾರ್ವಜನಿಕ ಹಣ ಕೊಡಬೇಕೇ ಎಂಬ ವಿಷಯವನ್ನು ನನಗೆ ಕೊಟ್ಟಿದ್ದೀರಿ. ಇದಕ್ಕೆ ನಮ್ಮಲ್ಲೇ ಅನೇಕರು ಹಾಕುವ ಪ್ರಶ್ನೆ ನನಗೆ ಗೊತ್ತು. ಶಾಲೆಯ ಮಾಡು ಸೋರುತ್ತಿರುವಾಗ ಕುಣಿಯುವವನಿಗೆ ವಿಮಾನದ ಚಾರ್ಜು ಏಕೆ? ನಾನು ಮೇಷ್ಟ್ರಾಗಿದ್ದವನು, ಸೋರುವ ಮಾಡಿನ ಕೆಳಗೆ ಪಾಠ ಹೇಳಿದವನು. ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಲಾರೆ. ಆದರೆ ಕಲಾವಿದನಿಗೆ ಕೊಡುವುದನ್ನು ನಿಲ್ಲಿಸಿದ್ದರಿಂದ ಶಾಲೆಗೆ ಹೆಂಚು ಬಂದದ್ದನ್ನು ನಾನು ಎಲ್ಲೂ ಕಂಡಿಲ್ಲ.

ಕಲಾವಿದರು ಹೇಗೂ ಹೋಗಿಬರುತ್ತಲೇ ಇದ್ದಾರೆ. ಅವರ ಖರ್ಚನ್ನು ಯಾರೋ ಕೊಡುತ್ತಲೇ ಇದ್ದಾರೆ. ಆದುದರಿಂದ ನಾವು ಕೇಳಬೇಕಾದ ಪ್ರಶ್ನೆಗಳು ಬೇರೆ. ಕೊಡುವವರು ಯಾರು? ಆರಿಸುವವರು ಯಾರು? ಲೆಕ್ಕ ಎಲ್ಲಿದೆ?

ಮೊದಲು ನಮ್ಮ ಮೈಸೂರನ್ನೇ ನೋಡಿ. ಜಯಚಾಮರಾಜ ಒಡೆಯರು ಪಾಶ್ಚಾತ್ಯ ಸಂಗೀತದಲ್ಲಿ ನಿಜವಾದ ತಿಳಿವಳಿಕೆಯುಳ್ಳವರಾಗಿದ್ದರು. ಲಂಡನ್ನಿನಲ್ಲಿ ನೆಲೆಸಿದ್ದ ರಷ್ಯಾದ ಮುದಿ ಸಂಗೀತಗಾರ ನಿಕೊಲಾಯ್ ಮೆಟ್ನರನ ಕೃತಿಗಳು 1940ರ ದಶಕದ ಕೊನೆಯಲ್ಲಿ ಗ್ರಾಮಫೋನ್ ತಟ್ಟೆಗಳಾಗಿ ಬಂದದ್ದು ಅವರ ಹಣದಿಂದ. 1950ರ ಮೇ 22ರಂದು ಲಂಡನ್ನಿನಲ್ಲಿ ರಿಚರ್ಡ್ ಸ್ಟ್ರಾಸನ ಕೊನೆಯ ನಾಲ್ಕು ಹಾಡುಗಳು ಮೊದಲ ಬಾರಿ ಕೇಳಿಬಂದಾಗ ಖರ್ಚಿಗೆ ಜಾಮೀನು ನಿಂತವರೂ ಅವರೇ. ಇದು ಕೆಟ್ಟ ಕೆಲಸವೆಂದು ನಾನು ಹೇಳುವುದಿಲ್ಲ. ಆದರೆ ಅರಮನೆಯ ಹಣದ ಮೂಲ ಕಂದಾಯ ಕಟ್ಟಿದ ರೈತ. ಆರಿಸಿದ್ದು ಒಬ್ಬರ ಅಭಿರುಚಿ. ಮಹಾರಾಜರ ಮನಸ್ಸಿಗೆ ಹಿಡಿಸದಿದ್ದರೆ ಮೆಟ್ನರನ ಗತಿ ಏನು? ದೊರೆಯ ಒಲವನ್ನು ನಂಬಿದ ಕಲೆ ದೊರೆಯೊಡನೆಯೇ ಹೋಗುತ್ತದೆ.

ಎರಡನೆಯ ದಾತ ಸರ್ಕಾರ. 1956ರಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ ಡಿಜ್ಜಿ ಗಿಲೆಸ್ಪಿಯ ಜಾಸ್ ತಂಡವನ್ನು ತನ್ನ ಖರ್ಚಿನಲ್ಲಿ ಹೊರದೇಶಗಳಿಗೆ ಕಳಿಸಿತು. 1958ರಲ್ಲಿ ಡೇವ್ ಬ್ರೂಬೆಕ್ ಭಾರತಕ್ಕೂ ಬಂದು ಇಲ್ಲಿನ ವಾದಕರೊಡನೆ ಕುಳಿತು ನುಡಿಸಿದ. ಕರಿಯರ ಸಂಗೀತವನ್ನು ಜಗತ್ತಿಗೆ ತೋರಿಸಿ, ನಮ್ಮಲ್ಲಿ ಎಲ್ಲವೂ ಚೆನ್ನಾಗಿದೆ ಎನ್ನಿಸುವುದು ಆ ಸರ್ಕಾರದ ಲೆಕ್ಕಾಚಾರ. ಆದರೆ 1957ರಲ್ಲಿ ಲಿಟಲ್ ರಾಕ್ ಎಂಬ ಊರಿನಲ್ಲಿ ಒಂಬತ್ತು ಮಂದಿ ಕರಿಯ ಮಕ್ಕಳನ್ನು ಶಾಲೆಯ ಬಾಗಿಲಲ್ಲೇ ತಡೆದರು. ಆಗ ಲೂಯಿ ಆರ್ಮ್‌ಸ್ಟ್ರಾಂಗ್, ಈ ಸರ್ಕಾರದ ಪರವಾಗಿ ನಾನು ರಷ್ಯಾಕ್ಕೆ ಹೋಗುವುದಿಲ್ಲ ಎಂದುಬಿಟ್ಟ. ಟಿಕೆಟ್ಟು ಕೊಂಡವನು ಕಲಾವಿದನ ನಾಲಗೆಯನ್ನೂ ಕೊಂಡಂತಲ್ಲ ಎಂಬುದನ್ನು ಅವನು ತೋರಿಸಿಕೊಟ್ಟ.

ಮೂರನೆಯ ದಾತ ಮುಖ ಮರೆಸಿಕೊಂಡವನು. 1950ರಲ್ಲಿ ಬರ್ಲಿನ್ನಿನಲ್ಲಿ ಸಾಂಸ್ಕೃತಿಕ ಸ್ವಾತಂತ್ರ್ಯದ ಹೆಸರಿನ ಒಂದು ಕಾಂಗ್ರೆಸ್ ಹುಟ್ಟಿತು. ಅದು ಲೇಖಕರನ್ನೂ ಸಂಗೀತಗಾರರನ್ನೂ ದೇಶದಿಂದ ದೇಶಕ್ಕೆ ಕರೆಸಿತು, ಪತ್ರಿಕೆಗಳನ್ನು ನಡೆಸಿತು, 1952ರಲ್ಲಿ ಪ್ಯಾರಿಸ್ಸಿನಲ್ಲಿ ದೊಡ್ಡ ಕಲೋತ್ಸವ ಮಾಡಿತು. ಅದರ ಗೌರವಾಧ್ಯಕ್ಷರ ಪಟ್ಟಿಯಲ್ಲಿ ಜಯಪ್ರಕಾಶ ನಾರಾಯಣರ ಹೆಸರೂ ಇತ್ತು. 1966-67ರಲ್ಲಿ ಗುಟ್ಟು ಬಯಲಾಯಿತು: ಹಣ ಬರುತ್ತಿದ್ದುದು ಅಮೆರಿಕದ ಗೂಢಚಾರ ಸಂಸ್ಥೆ ಸಿ.ಐ.ಎ.ಯಿಂದ! ಒಳ್ಳೆಯ ನಂಬಿಕೆಯಿಂದ ಹೋದವರ ಮೇಲೂ ಮಸಿ ಬಿತ್ತು. ಇದರಿಂದ ಕಲಿಯಬೇಕಾದದ್ದು ಬಾಗಿಲು ಮುಚ್ಚುವುದನ್ನಲ್ಲ, ಲೆಕ್ಕ ತೆರೆಯುವುದನ್ನು.

ಏಕೆಂದರೆ ಬಾಗಿಲು ಮುಚ್ಚಿದರೆ ಆಗುವ ನಷ್ಟ ದೊಡ್ಡದು. 1952ರಲ್ಲಿ ಯೆಹೂದಿ ಮೆನುಹಿನ್ ನೆಹರೂ ಅವರ ಆಹ್ವಾನದ ಮೇಲೆ ಬಂದು, ಬರಗಾಲದ ಪರಿಹಾರಕ್ಕಾಗಿ ಪಿಟೀಲು ನುಡಿಸಿದ. ಆ ಪರಿಚಯದಿಂದಲೇ 1955ರಲ್ಲಿ ಅಲಿ ಅಕ್ಬರ್ ಖಾನರು ನ್ಯೂಯಾರ್ಕಿಗೆ ಹೋದರು. 1967ರಲ್ಲಿ ಮೆನುಹಿನ್ ಮತ್ತು ರವಿಶಂಕರ್ ಕೂಡಿ ನುಡಿಸಿದ ತಟ್ಟೆ ಬಂತು. ಬಿತ್ತಿದ್ದು ಬೆಳೆಯಾಗಲು 15 ವರ್ಷ ಹಿಡಿಯಿತು. ಅಡಿಕೆ ಸಸಿ ನೆಟ್ಟವರಿಗೆ ಇದನ್ನು ವಿವರಿಸಬೇಕಿಲ್ಲ. ಹಾಗೆಯೇ 1970ರಲ್ಲಿ ಪೂರ್ವ ಜರ್ಮನಿಯಿಂದ ದೆಹಲಿಗೆ ಬಂದು ಬ್ರೆಕ್ಟನ ನಾಟಕ ಆಡಿಸಿದ ಫ್ರಿಟ್ಸ್ ಬೆನೆವಿಟ್ಸ್, ಮುಂದೆ ಎರಡು ದಶಕ ಮತ್ತೆ ಮತ್ತೆ ಬಂದು ನಮ್ಮ ಹಲವು ಭಾಷೆಗಳ ನಟರೊಡನೆ ದುಡಿದ. ಒಂದು ಸಂಜೆಯ ಪ್ರದರ್ಶನ ಮುಗಿಸಿ ಹೂಮಾಲೆ ಹಾಕಿಸಿಕೊಂಡು ಹಿಂತಿರುಗುವುದಕ್ಕೂ ಇದಕ್ಕೂ ಬಹಳ ಅಂತರವಿದೆ.

ಈಗ ನಮ್ಮ ದೇಶದ ವ್ಯವಸ್ಥೆಗೆ ಬರೋಣ. 1950ರಲ್ಲಿ ಮೌಲಾನಾ ಆಜಾದರು ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತನ್ನು ಸ್ಥಾಪಿಸಿದರು. ಅದು ಈಗ ವಿದೇಶಾಂಗ ಖಾತೆಯ ಕೆಳಗಿದೆ. ರಾಯಭಾರದ ಕೆಲಸಕ್ಕೆ ಯಾವ ಕಲೆ ಒಪ್ಪುತ್ತದೆ ಎಂಬುದೇ ಅಲ್ಲಿ ಮುಖ್ಯವಾಗುವುದು ಸಹಜ. ಕಲಾವಿದ ಏನು ಕಲಿಯಬೇಕು, ಯಾರೊಡನೆ ಹೊಸದನ್ನು ಕಟ್ಟಬೇಕು ಎಂಬುದು ಹಿಂದಕ್ಕೆ ಸರಿಯುತ್ತದೆ.

ಹಣ ಇದ್ದರೂ ಅದು ಬಡ ಕಲಾವಿದನ ಕೈಗೆ ಸಿಗುವ ಬಗೆ ನೋಡಿ. ಮೊದಲು ನಿನ್ನ ಕೈಯಿಂದ ಖರ್ಚು ಮಾಡು, ರಸೀತಿ ತಾ, ಆಮೇಲೆ ಕೊಡುತ್ತೇವೆ ಎಂಬುದು ಅನೇಕ ಕಡೆಯ ಪದ್ಧತಿ. ಕೈಯಲ್ಲಿ ಇಲ್ಲದವನು ಎಲ್ಲಿಂದ ತರಬೇಕು? ಬಡ್ಡಿಗೆ! ಅರ್ಜಿ ಇಂಗ್ಲಿಷಿನಲ್ಲಿ. ವೀಸಾಕ್ಕೆ ಬ್ಯಾಂಕಿನ ಲೆಕ್ಕ ತೋರಿಸಬೇಕು. ವೀಸಾ ಸಿಗದಿದ್ದರೂ ಕಟ್ಟಿದ ಶುಲ್ಕ ಸಾಮಾನ್ಯವಾಗಿ ಹಿಂದಕ್ಕೆ ಬರುವುದಿಲ್ಲ. ಯಕ್ಷಗಾನದ ಮೇಳದವನ ದುಡಿಮೆ ದೀಪಾವಳಿ ಕಳೆದ ಮೇಲೆ ಸುರುವಾಗಿ ಮಳೆ ಹಿಡಿಯುವವರೆಗೆ. ಆ ತಿಂಗಳುಗಳಲ್ಲಿ ಕರೆ ಬಂದರೆ ವರ್ಷದ ಸಂಬಳವನ್ನೇ ಬಿಟ್ಟು ಹೋಗಬೇಕು. ಚೆಂಡೆ, ಮದ್ದಳೆ, ವೇಷದ ಪೆಟ್ಟಿಗೆಗಳ ಸಾಗಣೆ ಬೇರೆ. ಕೊನೆಗೆ ಹೋಗುವವರು ಯಾರು? ಪಟ್ಟಣದಲ್ಲಿದ್ದು, ಇಂಗ್ಲಿಷ್ ಬಲ್ಲ, ಉಳಿತಾಯ ಉಳ್ಳವರೇ.

2005ರಲ್ಲಿ ಯುನೆಸ್ಕೋ ಸಾಂಸ್ಕೃತಿಕ ವೈವಿಧ್ಯದ ಒಪ್ಪಂದವೊಂದನ್ನು ಅಂಗೀಕರಿಸಿತು. ಪರವಾಗಿ 148 ದೇಶಗಳು, ವಿರೋಧವಾಗಿ ಅಮೆರಿಕ ಮತ್ತು ಇಸ್ರೇಲ್ ಎರಡೇ. ಅದರ 16ನೆಯ ವಿಧಿಯ ಪ್ರಕಾರ, ಮುಂದುವರಿದ ದೇಶಗಳು ಹಿಂದುಳಿದ ದೇಶಗಳ ಕಲಾವಿದರಿಗೆ ವಿಶೇಷ ರಿಯಾಯಿತಿ ತೋರಿ ವಿನಿಮಯಕ್ಕೆ ಅನುಕೂಲ ಮಾಡಿಕೊಡಬೇಕು. ಭಾರತವೂ 2006ರಲ್ಲಿ ಇದಕ್ಕೆ ಸೇರಿತು. ಕಾಗದದ ಮೇಲೆ ಹಕ್ಕು ಇದೆ. ಕೇಳುವವರು ಬೇಕಾಗಿದ್ದಾರೆ.

ನಾವು ಕೇಳಬೇಕಾದದ್ದು ನಾಲ್ಕು. ಒಂದು, ಹಣವನ್ನು ಮುಂಗಡವಾಗಿ ಕೊಡಬೇಕು, ತಪ್ಪಿಹೋದ ಸಂಬಳವನ್ನೂ ವೀಸಾ ಶುಲ್ಕವನ್ನೂ ಅದರಲ್ಲಿ ಸೇರಿಸಬೇಕು. ಎರಡು, ಕನ್ನಡದಲ್ಲಿ ಬರೆದ ಅರ್ಜಿ ನಡೆಯಬೇಕು, ಆರಿಸುವ ಸಮಿತಿಯಲ್ಲಿ ಜಿಲ್ಲೆಗಳ ಕಲಾವಿದರು ಇರಬೇಕು. ಮೂರು, ಯಾರಿಗೆ ಎಷ್ಟು, ಯಾವ ಮೂಲದಿಂದ ಎಂಬ ಪಟ್ಟಿಯನ್ನು ವರ್ಷವರ್ಷ ಪ್ರಕಟಿಸಬೇಕು. ನಾಲ್ಕು, ಹೋಗಿ ಬಂದವರು, ಹೊರಗಿನಿಂದ ಬಂದವರು ರಾಜಧಾನಿಯಲ್ಲೇ ಉಳಿಯದೆ ನಮ್ಮ ತಾಲ್ಲೂಕುಗಳಿಗೆ ಬಂದು ಶಾಲೆಯ ಮಕ್ಕಳೆದುರು ಕೂತು ಕೆಲಸ ಮಾಡಬೇಕು.

ಮಾಡೂ ರಿಪೇರಿಯಾಗಬೇಕು, ಆ ಮಾಡಿನ ಕೆಳಗೆ ಜಗತ್ತಿನ ಹಾಡೂ ಕೇಳಿಸಬೇಕು. ಎರಡನ್ನೂ ಕೇಳುವ ಹಕ್ಕು ತೆರಿಗೆ ಕೊಡುವ ಜನತೆಗೆ ಇದೆ. ಈ ನಾಲ್ಕು ಅಂಶಗಳನ್ನು ಶಿಬಿರ ನಿರ್ಣಯವಾಗಿ ಅಂಗೀಕರಿಸಬೇಕೆಂದು ಕೋರಿ ನನ್ನ ಮಾತನ್ನು ಮುಗಿಸುತ್ತೇನೆ.