ಗಿರಣಿಯ ಶೌಚಾಲಯ

ತುಂಗಭದ್ರಾ ಎಡದಂಡೆ ಕಾಲುವೆಯಿಂದ ಭತ್ತದ ಸೀಮೆಯಾದ ಗಂಗಾವತಿ, ಕಾರಟಗಿ, ಸಿದ್ದಾಪುರಗಳ ಅಕ್ಕಿ ಗಿರಣಿಗಳಂಥ ದುಡಿಮೆಯ ತಾಣಗಳಿಗೂ ಅನ್ವಯಿಸಿದ 1948ರ ಕಾರ್ಖಾನೆ ಕಾಯ್ದೆಯ 19ನೆಯ ಕಲಮು ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಶೌಚಾಲಯ, ಸಾಕಷ್ಟು ಗಾಳಿ ಬೆಳಕು ಹಾಗೂ ಶುಚಿಗೊಳಿಸುವ ಸಿಬ್ಬಂದಿ ಇರಬೇಕೆಂದು ವಿಧಿಸಿತು. 250ಕ್ಕಿಂತ ಹೆಚ್ಚು ಕಾರ್ಮಿಕರಿರುವಲ್ಲಿ ಏಳು ದಿನಕ್ಕೊಮ್ಮೆಯಾದರೂ ಮಾರ್ಜಕ ಇಲ್ಲವೇ ಸೋಂಕುನಿವಾರಕ, ಅಂದರೆ ರೋಗಾಣುಗಳನ್ನು ಕೊಲ್ಲುವ ದ್ರಾವಣ, ಬಳಸಿ ತೊಳೆಯಬೇಕೆಂದೂ ಅದು ಹೇಳಿತು; ನೂರಾರು ಜನ ಬಳಸುವ ಜಾಗಕ್ಕೆ ಈ ವಾರದ ಗಡುವು ಅತಿ ಉದಾರವಾದದ್ದೇ ಸರಿ.

2016ರಲ್ಲಿ ಕೊಪ್ಪಳ ಜಿಲ್ಲೆಯ ಹದಿಹರೆಯದ ಬಾಲಕಿಯೊಬ್ಬಳು ಮನೆಗೆ ಶೌಚಾಲಯ ಬೇಕೆಂದು ಉಪವಾಸ ಕುಳಿತದ್ದು ದೇಶದ ಗಮನ ಸೆಳೆದಿತ್ತು. ಆದರೆ ಕಟ್ಟಿದ ಮೇಲಿನ ನಿತ್ಯದ ನಿರ್ವಹಣೆಗೆ ಅಂಥ ಸುದ್ದಿಭಾಗ್ಯವಿಲ್ಲ. ಬೇಸಿನ್ನಿನ ಕೆಳಗೆ ಬಾಗಿದ ಕೊಳವೆಯಲ್ಲಿ ಸದಾ ನಿಲ್ಲುವ ನೀರು, ಅಂದರೆ ಜಲಬಂಧ, ಗುಂಡಿಯ ದುರ್ವಾಸನೆಯನ್ನೂ ಕೀಟಗಳನ್ನೂ ತಡೆಯುವುದರಿಂದ, ನಲ್ಲಿ ಒಣಗಿದ ಶೌಚಾಲಯದಲ್ಲಿ ಎಷ್ಟು ಫಿನಾಯಿಲ್ ಸುರಿದರೂ ನಾತ ಹೋಗದು. ಹೊಳಪು ಬರಲೆಂದು ಆ್ಯಸಿಡ್ ಮತ್ತು ಬ್ಲೀಚಿಂಗ್ ಪುಡಿಯನ್ನು ಬೆರೆಸುವುದಂತೂ ಅಪಾಯಕರ, ಏಕೆಂದರೆ ಅದರಿಂದ ಹೊಮ್ಮುವ ವಿಷಾನಿಲ ಕ್ಲೋರಿನ್ ಮುಚ್ಚಿದ ಕೋಣೆಯಲ್ಲಿ ಮೊದಲು ತಟ್ಟುವುದು ಪೊರಕೆ ಹಿಡಿದವರ ಶ್ವಾಸಕೋಶಕ್ಕೆ. ಅವರಿಗೆ ಕೈಗವಸು, ಗಂಬೂಟು ಕೊಡುವ ಖರ್ಚನ್ನು ಗಿರಣಿಯ ಲೆಕ್ಕದಲ್ಲಿ ಯಂತ್ರದ ಎಣ್ಣೆಯ ಪಕ್ಕದಲ್ಲೇ ಬರೆಯಬಹುದು.