ಹೊರೆಕಾಣಿಕೆಯ ಲೆಕ್ಕವೂ ಊರಿನ ಏಳಿಗೆಯೂ

(ಬ್ರಹ್ಮಕಲಶೋತ್ಸವದ ಅಂಗವಾಗಿ ಜರಗಿದ ಧಾರ್ಮಿಕ ಸಭೆಯಲ್ಲಿ ಮಾಡಿದ ಭಾಷಣ)



ಧಾರ್ಮಿಕ ಸಭೆಯಲ್ಲಿ ಊರಿನ ಆರ್ಥಿಕ ಅಭಿವೃದ್ಧಿಯ ಬಗ್ಗೆ ಮಾತಾಡಬೇಕೆಂದು ಸಮಿತಿಯವರು ಕೇಳಿಕೊಂಡಾಗ ಮೊದಲು ನನಗೆ ಸಂಕೋಚವಾಯಿತು. ಮೊನ್ನೆ ಹಸಿರುವಾಣಿ ಹೊರೆಕಾಣಿಕೆಯ ಮೆರವಣಿಗೆ ಬಂದು ಉಗ್ರಾಣ ತುಂಬಿದ್ದನ್ನು ನೋಡಿದ ಮೇಲೆ ಆ ಸಂಕೋಚ ಹೋಯಿತು. ಹೊರೆಕಾಣಿಕೆಯೆಂದರೆ ದೇವರ ಮುಂದೆ ಊರು ಒಪ್ಪಿಸುವ ಲೆಕ್ಕಪತ್ರವೇ ಅಲ್ಲವೇ?

ಆ ಲೆಕ್ಕವನ್ನು ನಾನು ಸ್ವಲ್ಪ ಗಮನವಿಟ್ಟು ನೋಡಿದೆ. ತೆಂಗಿನಕಾಯಿ, ಸೀಯಾಳ, ಹಿಂಗಾರ, ಬಾಳೆಗೊನೆ, ಬಾಳೆಲೆ ಎಲ್ಲವೂ ನಮ್ಮ ತೋಟದ್ದು. ಅಕ್ಕಿ ಮಾತ್ರ ಅಂಗಡಿಯ ಮುದ್ರೆಯಿದ್ದ ಚೀಲಗಳಲ್ಲಿ ಬಂತು. ಬೆಲ್ಲ ಹೊರಗಿನದು, ತರಕಾರಿಯಲ್ಲಿ ಬಹುಪಾಲು ಪೇಟೆಯದು. ನಮ್ಮ ಹಿರಿಯರ ಕಾಲದಲ್ಲಿ ಬಯಲಿನ ಗದ್ದೆಯ ಅಕ್ಕಿಮುಡಿ ತಲೆಹೊರೆಯಲ್ಲಿ ಬರುತ್ತಿತ್ತು. ಇದನ್ನು ಯಾರ ತಪ್ಪೆಂದೂ ನಾನು ಹೇಳುತ್ತಿಲ್ಲ. ನಾವೇನು ಬೆಳೆಯುತ್ತೇವೆ, ಏನು ಕೊಳ್ಳುತ್ತೇವೆ ಎಂಬುದನ್ನು ಇಡೀ ಊರು ಒಟ್ಟಾಗಿ ನೋಡುವ ಸಂದರ್ಭ ಇದೊಂದೇ. ಪ್ರಾದೇಶಿಕ ಯೋಜನೆ ಎಂಬ ದೊಡ್ಡ ಶಬ್ದದ ಮೊದಲ ಪುಟವೂ ಇದೇ.

ಎರಡನೇ ಪುಟ ನೀರಿನದು. ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುತ್ತದೆ. ಅಂದರೆ ಒಂದು ಎಕರೆಯ ಮೇಲೆ ಸುಮಾರು 1 ಕೋಟಿ 40 ಲಕ್ಷ ಲೀಟರ್ ನೀರು. ಆದರೂ ಮಾರ್ಚ್ ಬಂತೆಂದರೆ ಅಡಿಕೆ ಸೋಗೆ ಬಾಡುತ್ತದೆ, ನಾವು ಕೊಳವೆಬಾವಿಯ ಲಾರಿಯ ಹಿಂದೆ ಓಡುತ್ತೇವೆ. ಮುರಕಲ್ಲಿನ ಗುಡ್ಡ, ಇಳಿಜಾರಿನ ನೆಲ. ಬಿದ್ದ ನೀರು ಬೇಗನೇ ತೋಡಿಗಿಳಿದು ಸಮುದ್ರ ಸೇರುತ್ತದೆ. ನಮ್ಮ ಹಿರಿಯರು ಇದಕ್ಕೆ ಗುಡ್ಡದಲ್ಲಿ ಸುರಂಗ ಕೊರೆದರು, ತೋಡಿಗೆ ಕಟ್ಟ ಕಟ್ಟಿದರು. ಮಳೆಗಾಲ ಮುಗಿದು ತೋಡಿನ ಹರಿವು ಸಣ್ಣದಾದ ಮೇಲೆ ಕಲ್ಲು ಮಣ್ಣಿನಿಂದ ಕಟ್ಟವೇಳುತ್ತಿತ್ತು, ಮುಂದಿನ ಮಳೆಗೆ ಅದು ತೆರೆದುಕೊಳ್ಳುತ್ತಿತ್ತು. ಏತಡ್ಕದ ಕಣಿವೆಯಲ್ಲಿ ಒಂದರ ಕೆಳಗೊಂದು ಕಟ್ಟಗಳ ಸಾಲನ್ನೇ ಕಾಣಬಹುದು.

ಕಟ್ಟ ನಮಗೆ ಕಲಿಸುವ ಪಾಠ ದೊಡ್ಡದು. ಒಬ್ಬನೇ ಕಟ್ಟಿದ ಕಟ್ಟ ಒಬ್ಬನ ತೋಟಕ್ಕೂ ಪೂರ್ತಿ ಸಾಲದು. ಸಾಲಾಗಿ ಕಟ್ಟಿದರೆ ನೀರು ನೆಲಕ್ಕಿಂಗಿ ಆಚೀಚೆಯ ಬಾವಿ, ಕೆರೆಗಳೂ ಹೆಚ್ಚು ದಿನ ಉಳಿಯುತ್ತವೆ. ಆದುದರಿಂದ ನಮ್ಮ ಯೋಜನೆಯ ಗಡಿ ತೋಟದ ಬೇಲಿಯಲ್ಲ, ವಾರ್ಡಿನ ಗೆರೆಯೂ ಅಲ್ಲ. ತೋಡು ಹುಟ್ಟುವಲ್ಲಿಂದ ಹೊಳೆ ಸೇರುವಲ್ಲಿಯ ತನಕದ ಪ್ರದೇಶ.

ಮೂರನೇ ಪುಟ ಉತ್ಪಾದಕತೆಯದು. ಅದೇ ನೆಲ, ಅದೇ ನೀರು, ಅದೇ ಆಳಿನ ದುಡಿಮೆಯಲ್ಲಿ ಹೆಚ್ಚು ಫಲ ಬರುವುದಕ್ಕೆ ಈ ಹೆಸರು. ಅಡಿಕೆಯ ಕೊಳೆರೋಗವನ್ನೇ ನೋಡಿ. ಮಳೆ ಹಿಡಿಯುವ ಮುನ್ನ ಒಮ್ಮೆ, ಮತ್ತೆ 40-45 ದಿನಕ್ಕೆ ಇನ್ನೊಮ್ಮೆ ಬೋರ್ಡೋ ದ್ರಾವಣ ಸಿಂಪಡಿಸಬೇಕೆಂಬುದು ಎಲ್ಲರಿಗೂ ಗೊತ್ತು. ಆದರೆ ಮರವೇರುವ ಕೊನೆಗಾರನ ಸರದಿ ಬರುವಾಗ ಆಷಾಢ ಕಳೆದಿರುತ್ತದೆ. ಮದ್ದು ಬಿಡದ ಒಂದು ತೋಟದಿಂದ ರೋಗ ನೆರೆಯ ತೋಟಕ್ಕೂ ದಾಟುತ್ತದೆ. ಇದು ಗೊತ್ತಿಲ್ಲದ ಕಷ್ಟವಲ್ಲ, ಏರ್ಪಾಡಿಲ್ಲದ ಕಷ್ಟ. ನೆಲದಲ್ಲಿ ನಿಂತೇ ಮದ್ದು ಬಿಡುವ, ಕೊನೆ ಕೊಯ್ಯುವ ಹಗುರವಾದ ಕಾರ್ಬನ್ ಫೈಬರ್ ದೋಟಿಗಳು ಈಗ ಬಂದಿವೆ. ಊರಿನ ಹತ್ತು ಮಂದಿ ಯುವಕರು ತರಬೇತಿ ಪಡೆದು ಒಂದು ತಂಡವಾದರೆ ಕೆಲಸವೂ ಸಮಯಕ್ಕೆ ಆಗುತ್ತದೆ, ಅವರಿಗೆ ಗೌರವದ ಸಂಪಾದನೆಯೂ ಆಗುತ್ತದೆ. ತೆಂಗಿನ ಸಂಶೋಧನೆ ಕಾಸರಗೋಡಿನಲ್ಲಿ ಆರಂಭವಾದದ್ದು 1916ರಲ್ಲಿ; 1970ರಲ್ಲಿ ಅದು ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯಾಯಿತು. ಅಡಿಕೆ ತೆಂಗಿನ ನಡುವೆ ಕರಿಮೆಣಸು, ಕೊಕ್ಕೊ, ಬಾಳೆ ಬೆಳೆಯುವ ಕ್ರಮ, ತೆಂಗಿನ ಗರಿಯಿಂದ ಎರೆಗೊಬ್ಬರ ಮಾಡುವ ಕ್ರಮ ಎಲ್ಲವೂ ಅಲ್ಲಿವೆ. ದೂರದಿಂದ ಜನ ಬಂದು ಕಲಿತು ಹೋಗುತ್ತಾರೆ. ಹತ್ತಿರದ ನಾವು ಎಷ್ಟು ಮಂದಿ ಅದರ ಗೇಟು ದಾಟಿದ್ದೇವೆ?

ನಾಲ್ಕನೆಯದು ಬೆಲೆ. 1970ರ ದಶಕದ ಆರಂಭದಲ್ಲಿ ಅಡಿಕೆಯ ಧಾರಣೆ ಕುಸಿದು ಕೃಷಿಕರು ಕಂಗಾಲಾದಾಗ, ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರಲ್ಲಿ ಕ್ಯಾಂಪ್ಕೋ ಹುಟ್ಟಿತು. ಕರ್ನಾಟಕ ಮತ್ತು ಕೇರಳ ಎರಡೂ ರಾಜ್ಯಗಳ ಬೆಳೆಗಾರರ ಸಹಕಾರಿ ಸಂಸ್ಥೆ ಅದು. 1956ರಲ್ಲಿ ರಾಜ್ಯದ ಗಡಿ ನಮ್ಮ ಮಧ್ಯೆ ಬಂದರೂ ಅಡಿಕೆಯ ಮಾರುಕಟ್ಟೆಗೆ ಗಡಿ ಬೀಳದಂತೆ ಅವರು ನೋಡಿಕೊಂಡರು. ಮುಂದೆ ಕೊಕ್ಕೊವನ್ನು ಕೇಳುವವರಿಲ್ಲದಾದಾಗ ಅದನ್ನೂ ಖರೀದಿಸಿ, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆದರು. ಬೆಳೆದದ್ದನ್ನು ಬೆಳೆದ ಹಾಗೆಯೇ ಮಾರಿದರೆ ಬೆಲೆ ಕೊಳ್ಳುವವನ ಕೈಯಲ್ಲಿ. ಅದಕ್ಕೊಂದು ರೂಪ ಕೊಟ್ಟು ಮಾರಿದರೆ ಸ್ವಲ್ಪವಾದರೂ ನಮ್ಮ ಕೈಯಲ್ಲಿ. ನಮ್ಮಲ್ಲಿ ತೆಂಗಿನ ಸಿಪ್ಪೆ ಒಲೆಗೆ ಹೋಗುತ್ತದೆ, ಅಡಿಕೆ ಹಾಳೆ ಬುಡದಲ್ಲಿ ಕೊಳೆಯುತ್ತದೆ. ಹಾಳೆತಟ್ಟೆಯ ಸಣ್ಣ ಯಂತ್ರವೊಂದಿದ್ದರೆ ನಮ್ಮ ಅಕ್ಕತಂಗಿಯರಿಗೆ ಮನೆ ಹತ್ತಿರವೇ ಕೆಲಸ. ಮೊದಲ ಗಿರಾಕಿ ಯಾರೆಂದು ಹುಡುಕಬೇಕಿಲ್ಲ: ಈ ಕ್ಷೇತ್ರದ ಅನ್ನಸಂತರ್ಪಣೆಯೇ ಇದೆ.

ಇನ್ನು ಸರಕಾರದ ಪಾಲು. 1996ರಲ್ಲಿ ಕೇರಳದಲ್ಲಿ ಜನಕೀಯ ಯೋಜನೆ ಆರಂಭವಾದಾಗ, ರಾಜ್ಯದ ಯೋಜನಾ ಹಣದ ಶೇಕಡ 35ರಿಂದ 40ರಷ್ಟನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಡುವ ತೀರ್ಮಾನವಾಯಿತು. 1998ರಲ್ಲಿ ಮಹಿಳೆಯರ ಕುಟುಂಬಶ್ರೀ ಬಂತು. 2012ರಲ್ಲಿ ಪ್ರಭಾಕರನ್ ಆಯೋಗ ಜಿಲ್ಲೆಯ ಕೊರತೆಗಳನ್ನು ಪರಿಶೀಲಿಸಿದ ಮೇಲೆ ಕಾಸರಗೋಡು ಅಭಿವೃದ್ಧಿ ಪ್ಯಾಕೇಜು ಬಂತು. ಬಾಗಿಲುಗಳು ಇಲ್ಲವೆಂದಲ್ಲ. ಆದರೆ ಗ್ರಾಮಸಭೆಯಲ್ಲಿ ನಮ್ಮವರ ಕುರ್ಚಿ ಖಾಲಿ. ಕೇಳಿದರೆ, ಮಲಯಾಳ ಸರಿಯಾಗಿ ಬರುವುದಿಲ್ಲ, ಹೋಗಿ ಏನು ಮಾಡುವುದು ಎನ್ನುತ್ತಾರೆ. ಬಂಧುಗಳೇ, ದೇಶದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ಕನ್ನಡದಲ್ಲೇ ಬರೆದು ಕೊಡೋಣ. ಮಕ್ಕಳು ಮಲಯಾಳವನ್ನೂ ಚೆನ್ನಾಗಿ ಕಲಿಯಲಿ. ಅದರಿಂದ ಕನ್ನಡಕ್ಕೆ ನಷ್ಟವಿಲ್ಲ. ಸಭೆಗೆ ಹೋಗದೆ ಮನೆಯಲ್ಲಿ ಕುಳಿತರೆ ಮಾತ್ರ ಎರಡೂ ಕಡೆಯಿಂದ ನಷ್ಟ.

ಊರಿನವರು ಕೇಳದೆ, ಊರಿನವರನ್ನು ಕೇಳದೆ ಆದ ಕೆಲಸದ ಫಲವನ್ನು ಈ ಜಿಲ್ಲೆ ಉಂಡಿದೆ. ಎಪ್ಪತ್ತರ ದಶಕದ ಕೊನೆಯಿಂದ 2000ದ ವರೆಗೆ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಗೇರುಬೀಜದ ಇಳುವರಿ ಒಂದನ್ನೇ ಲೆಕ್ಕ ಹಿಡಿದರು. ಕೆಳಗಿದ್ದ ಬಾವಿ, ತೋಡು, ಬಸುರಿ ಹೆಂಗಸು, ಹುಟ್ಟುವ ಮಗು ಲೆಕ್ಕಕ್ಕೆ ಬರಲಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಡೆಯಿತು. ಎಣ್ಮಕಜೆಯ ಕಡೆಯ ತಾಯಂದಿರ ನೋವು ಅದರಿಂದ ತಡೆಯಲಿಲ್ಲ. ಆದುದರಿಂದ ಯಾವ ಬೆಳವಣಿಗೆಯ ಮಾತು ಬಂದರೂ, ನೀರಿಗೇನಾಗುತ್ತದೆ, ಮಕ್ಕಳಿಗೇನಾಗುತ್ತದೆ ಎಂಬುದು ನಮ್ಮ ಮೊದಲ ಪ್ರಶ್ನೆಯಾಗಲಿ.

ಕೊನೆಗೆ ನನ್ನದೊಂದು ವಿಜ್ಞಾಪನೆ. ಈ ಜೀರ್ಣೋದ್ಧಾರಕ್ಕೆ ಮನೆಮನೆಗೆ ಹೋಗಿ ಹಣ ಕೂಡಿಸಿದ್ದೀರಿ, ಪೈಸೆ ಪೈಸೆಗೂ ರಶೀದಿ ಕೊಟ್ಟಿದ್ದೀರಿ. ಜಾತಿ ಮತ ನೋಡದೆ ಎಲ್ಲರೂ ಕರಸೇವೆಗೆ ಬಂದು ಕಲ್ಲು ಹೊತ್ತಿದ್ದೀರಿ. ಇಂತಹ ಸಂಘಟನೆಯನ್ನು ಯಾವ ಸರಕಾರಿ ಇಲಾಖೆಯೂ ಹಣ ಕೊಟ್ಟು ಕೊಳ್ಳಲಾರದು. ಆದರೆ ನಾಳೆ ಚಪ್ಪರ ಬಿಚ್ಚಿ, ಲೆಕ್ಕ ಮಂಡಿಸಿ, ಸಮಿತಿ ವಿಸರ್ಜನೆಯಾಗುತ್ತದೆ. ಹಾಗೆ ಮಾಡಬೇಡಿ. ಉಪಸಮಿತಿಗಳಲ್ಲಿ ಒಂದನ್ನಾದರೂ ಉಳಿಸಿಕೊಳ್ಳಿ. ಅದಕ್ಕೆ ಮೂರೇ ಕೆಲಸ ಸಾಕು. ಮೊದಲನೆಯದು, ಮನೆಮನೆಯ ಬೆಳೆ, ನೀರು, ಕೆಲಸ ಹುಡುಕುವ ಯುವಕ ಯುವತಿಯರು, ಪಾಳುಬಿದ್ದ ಗದ್ದೆ, ಇವುಗಳನ್ನು ಒಂದು ಪುಸ್ತಕದಲ್ಲಿ ಬರೆಯುವುದು. ಎರಡನೆಯದು, ಬರುವ ಡಿಸೆಂಬರಿನಲ್ಲಿ ನಮ್ಮ ತೋಡಿಗೆ ಕರಸೇವೆಯಿಂದಲೇ ಕಟ್ಟಗಳನ್ನು ಹಾಕುವುದು. ಮೂರನೆಯದು, ಆ ಪುಸ್ತಕವನ್ನು ಹಿಡಿದುಕೊಂಡು ಗ್ರಾಮಸಭೆಗೆ ಹೋಗುವುದು.

ಊರಿನಲ್ಲಿ ಜೀವನೋಪಾಯವಿಲ್ಲದೆ ಮಕ್ಕಳು ಬೆಂಗಳೂರಿಗೂ ಗಲ್ಫಿಗೂ ಹೋದರೆ, ಹನ್ನೆರಡು ವರ್ಷ ಕಳೆದು ಮುಂದಿನ ಬ್ರಹ್ಮಕಲಶ ಬರುವಾಗ ದೇಣಿಗೆ ಬರಬಹುದು. ಹೊರೆಕಾಣಿಕೆ ಹೊರುವ ಹೆಗಲು ಬರಲಿಕ್ಕಿಲ್ಲ. ಅಂದು ಈ ಉಗ್ರಾಣಕ್ಕೆ ನಮ್ಮದೇ ಗದ್ದೆಯ ಒಂದು ಮುಡಿ ಅಕ್ಕಿ ಬರುವಂತಾಗಲಿ ಎಂದು ಶ್ರೀ ದೇವರಲ್ಲಿ ಪ್ರಾರ್ಥಿಸುತ್ತೇನೆ.