ಗಡಿ ಅಂದ್ರೆ ಬರೀ ಗಲಾಟೆನಾ?

ನೋಡಿ ವೀಕ್ಷಕರೇ, ಕಾಗವಾಡದ ಕಡೆ ಮನೆಯಲ್ಲಿ ಯಾರಿಗಾದ್ರೂ ಆರಾಮಿಲ್ಲ ಅಂದ್ರೆ ‘ಮಿರಜಕ್ಕ ಕರ್ಕೊಂಡ್ ಹೋಗ್ಯಾರ’ ಅಂತಾರೆ. ಗಡಿ ದಾಟಿದ್ದಾರೆ ಅಂತ ಯಾರೂ ಹೇಳಲ್ಲ. ಆ ಪದ ಬೇಕಾಗಿದ್ದು ಪತ್ರಿಕೆಗಳಿಗೆ.

ಹಿಂದೆಯೂ ಅಲ್ಲಿ ಗಡಿ ಇತ್ತು. ರಾಯಬಾಗ ಕೊಲ್ಹಾಪುರ ಸಂಸ್ಥಾನದ್ದು, ಪಕ್ಕದ ಚಿಕ್ಕೋಡಿ, ಅಥಣಿ ಬ್ರಿಟಿಷರದ್ದು. 1956ರಲ್ಲಿ ಈ ಭಾಗ ಮೈಸೂರು ರಾಜ್ಯಕ್ಕೆ ಬಂತು. 1967ರಲ್ಲಿ ಮಹಾಜನ ಆಯೋಗದ ವರದಿ: ಬೆಳಗಾವಿ ನಮಗೆ, ನಿಪ್ಪಾಣಿ ಮಹಾರಾಷ್ಟ್ರಕ್ಕೆ. ಜಾರಿ ಆಗಲೇ ಇಲ್ಲ. ಆಮೇಲೆ ಶೀರ್ಷಿಕೆಗಳಲ್ಲಿ ‘ಗಡಿ’ ಒಂಟಿಯಾಗಿ ಬಂದದ್ದೇ ಅಪರೂಪ. ಗಡಿ ವಿವಾದ, ಗಡಿ ಕ್ಯಾತೆ, ಗಡಿ ತಂಟೆ. ಆಚೆ ಮರಾಠಿ ಪತ್ರಿಕೆಗಳಲ್ಲಿ ‘ಸೀಮಾಪ್ರಶ್ನ’. ನಮ್ಮ ಹಳ್ಳಿಗರಿಗೆ ‘ಸೀಮಿ’ ಅಂದ್ರೆ ತಮ್ಮ ನಾಡು, ಜಗಳ ಅಲ್ಲ!

1981 ನೆನಪಿಸಿಕೊಳ್ಳಿ. ನಿಪ್ಪಾಣಿಯ ತಂಬಾಕು ಬೆಳೆಗಾರರು ದರಕ್ಕಾಗಿ ಹೆದ್ದಾರಿಯಲ್ಲೇ ಕೂತರು. ಮುಂದೆ ನಿಂತವರು ಮಹಾರಾಷ್ಟ್ರದ ಶರದ್ ಜೋಶಿ. ಕೂತವರಲ್ಲಿ ಮರಾಠಿಯವರೂ ಇದ್ದರು, ಕನ್ನಡದವರೂ ಇದ್ದರು. ಏಪ್ರಿಲ್‌ನಲ್ಲಿ ಗೋಲಿಬಾರ್ ಆಯ್ತು, ರೈತರು ಸತ್ತರು. ನಿಪ್ಪಾಣಿ ಯಾರದು ಅಂತ ಅಲ್ಲಿ ಯಾರೂ ಕೇಳಲಿಲ್ಲ. ತಂಬಾಕಿಗೆ ಎಷ್ಟು ಕೊಡ್ತೀರಿ ಅಂತ ಕೇಳಿದರು. ನನ್ನ ಪ್ರಕಾರ ಗಡಿಯ ಅತಿ ದೊಡ್ಡ ಸುದ್ದಿ ಅದು. ಆದರೆ ‘ಗಡಿ’ ಅಂದ ತಕ್ಷಣ ಎಷ್ಟು ಜನಕ್ಕೆ ಅದು ನೆನಪಾಗುತ್ತೆ ಹೇಳಿ?

ಈಗಲೂ ಅಷ್ಟೇ. ಡಿಸೆಂಬರ್ ಬಂತು, ಸುವರ್ಣಸೌಧದಲ್ಲಿ ಅಧಿವೇಶನ, ಕೊಗನೊಳ್ಳಿಯಲ್ಲಿ ಪೊಲೀಸರು, ಎದುರಿಗೆ ನಮ್ಮ ಕ್ಯಾಮೆರಾಗಳು. ಅದೇ ಹೊತ್ತಿಗೆ ಕಬ್ಬು ಹೇರಿಕೊಂಡ ಟ್ರ್ಯಾಕ್ಟರ್‌ಗಳು ಎರಡೂ ಕಡೆಯ ಕಾರ್ಖಾನೆಗಳಿಗೆ ಸಾಲುಗಟ್ಟಿ ಹೋಗ್ತಾ ಇರ್ತವೆ. ಆ ಕಬ್ಬಿನ ಬಿಲ್ಲು ರೈತನ ಕೈಗೆ ಬಂತಾ?